ತಕ್ಕಡಿಗೆ ಬಂದ ಕಪ್ಪೆ

ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಲು ಹೋದವನ ಪಾಡು ಏನೆಂಬುದು ನಮ್ಮ ಹಳ್ಳಿಯ ಸಣ್ಣ ಮಕ್ಕಳಿಗೂ ಗೊತ್ತು. ಒಂದನ್ನು ಹಿಡಿದು ಹಾಕುವಷ್ಟರಲ್ಲಿ ಇನ್ನೊಂದು ಹೊರಗೆ ಜಿಗಿದಿರುತ್ತದೆ. ಊರಿನ ನಾಲ್ಕು ಮಂದಿಯನ್ನು ಒಂದು ಮಾತಿಗೆ ತರಲು ಹೋಗಿ ಸೋತು ಬಂದವನನ್ನು ಕಂಡಾಗ ನಾವು ಇದೇ ಮಾತನ್ನು ಆಡಿ ನಗುತ್ತೇವೆ. ಆದರೆ ಕಪ್ಪೆಯನ್ನು ನಿಜವಾಗಿಯೂ ತೂಗಿ, ಅಳೆದು, ಒಂದೊಂದಕ್ಕೂ ಒಂದೊಂದು ನಂಬರು ಕೊಟ್ಟು, ವರ್ಷಗಟ್ಟಲೆ ಅದರ ಬೆನ್ನು ಹತ್ತಿದ ಜನರಿದ್ದಾರೆಂದರೆ ವಾಚಕರು ನಂಬುತ್ತಾರೋ ಇಲ್ಲವೋ! ನಗುವುದಕ್ಕೆ ಅಡ್ಡಿಯೇನಿಲ್ಲ. ಆದರೆ ಆ ತೂಕದ ಹಿಂದೆ ದನ ಸಾಕುವವರ ಹೊಟ್ಟೆಯ ಪ್ರಶ್ನೆಯಿತ್ತು, ಒಂದು ಪ್ರಾಣಿಯ ಕುಲವೇ ಉಳಿಯುವುದೋ ಅಳಿಯುವುದೋ ಎಂಬ ಪ್ರಶ್ನೆಯೂ ಇತ್ತು. ಅದನ್ನಿಷ್ಟು ಕೇಳಿ ಆಮೇಲೆ ನಗಬಹುದು.

ಈ ಸಂಗತಿ ನಡೆದದ್ದು ಅಮೇರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ. ಅದರ ಪೂರ್ವದ ಅಂಚಿಗೆ ದಕ್ಷಿಣೋತ್ತರವಾಗಿ ಸುಮಾರು ನಾಲ್ಕು ನೂರು ಮೈಲು ಉದ್ದದ ಸಿಯೆರಾ ನೆವಾಡಾ ಎಂಬ ಬೆಟ್ಟದ ಸಾಲಿದೆ. ನಮ್ಮ ಮಳೆಗಾಲದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆಯೆಲ್ಲ ಒಣ ಒಣ. ಬೆಟ್ಟದ ಮೇಲಂತೂ ಚಳಿಗಾಲದಲ್ಲಿ ಬೀಳುವುದು ನೀರಲ್ಲ, ಹಿಮ. ಆಳುದ್ದ ಬಿದ್ದ ಆ ಹಿಮ ಬೇಸಿಗೆಯ ಬಿಸಿಲಿಗೆ ಮೆಲ್ಲಗೆ ಕರಗಿ, ಬೆಟ್ಟಗಳ ನಡುವಿನ ತಗ್ಗುಗಳಲ್ಲಿ ಜೌಗಾಗಿ ನಿಂತು ಹುಲ್ಲು ಬೆಳೆಸುತ್ತದೆ. ಕೆಳಗಿನ ಬಯಲಿನ ಹುಲ್ಲು ಒಣಗಿ ಹಳದಿಯಾದ ಕಾಲಕ್ಕೆ ಮೇಲಿನ ಹುಲ್ಲುಗಾವಲು ಹಚ್ಚಗೆ ನಿಂತಿರುತ್ತದೆ. ಅಲ್ಲಿನ ದನಗಾರರು ಬೇಸಿಗೆ ಬಂತೆಂದರೆ ಹಿಂಡುಗಳನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋಗುತ್ತಾರೆ. ಸರಕಾರದ ಅಡವಿಯಾದ್ದರಿಂದ ಅರಣ್ಯ ಖಾತೆಯಿಂದ ಪರವಾನಿಗೆ ಪಡೆದು, ದನಕ್ಕೆ ಇಷ್ಟು, ತಿಂಗಳಿಗೆ ಇಷ್ಟು ಎಂದು ಹಣ ಕಟ್ಟಿ ಮೇಯಿಸುತ್ತಾರೆ. ಮಳೆ ನೋಡಿ ಸೀಮೆಯಿಂದ ಸೀಮೆಗೆ ಕುರಿ ಹೊಡೆಯುವ ನಮ್ಮ ಕಡೆಯ ಕುರುಬರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಹುಲ್ಲುಗಾವಲು ಒಂದು ನೆಲಗಪ್ಪೆಯ ತವರುಮನೆಯೂ ಹೌದು. ಯೊಸೆಮಿಟಿ ಎಂಬ ಪ್ರದೇಶದಲ್ಲಿ ಮೊದಲು ಗುರುತು ಹತ್ತಿದ್ದರಿಂದ ಅದಕ್ಕೆ ಯೊಸೆಮಿಟಿ ನೆಲಗಪ್ಪೆ ಎಂದೇ ಹೆಸರು. ಚಾರ್ಲ್ಸ್ ಕ್ಯಾಂಪ್ ಎಂಬ ತರುಣ ಶಾಸ್ತ್ರಜ್ಞ 1916ರಲ್ಲಿ ಅದಕ್ಕೆ ಇಂಪಾಗಿ ಹಾಡುವುದು ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟ. ಗಂಡುಕಪ್ಪೆ ನೀರಿನ ಅಂಚಿನಲ್ಲಿ ಕುಳಿತು ಒಂದೇ ಉಸಿರಿಗೆ ನುಡಿಸುವ ದನಿ ಹಾಗಿದೆಯಂತೆ. ನಮ್ಮ ಹೊಲದ ನೆಲಗಪ್ಪೆಯ ಹಾಗೆಯೇ ಇದರ ಮೈಯೆಲ್ಲ ಗಂಟುಗಂಟು, ಕಿವಿಯ ಹಿಂದೆ ವಿಷದ ಉಬ್ಬು, ನಡಿಗೆ ನಿಧಾನ. ಆದರೆ ಗಾತ್ರದಲ್ಲಿ ಚಿಕ್ಕದು; ಎರಡು ಮೂರು ಅಂಗುಲ. ಗಂಡಿನ ಮೈ ಹಳದಿ ಬೆರೆತ ಹಸಿರು, ಹೆಣ್ಣಿನ ಮೈಮೇಲೆ ಬಿಳಿಯ ಅಂಚು ಕಟ್ಟಿದ ಕಪ್ಪು ಮಚ್ಚೆಗಳು. ಗಂಡಿಗೊಂದು ಬಣ್ಣ, ಹೆಣ್ಣಿಗೊಂದು ಬಣ್ಣ ಇಷ್ಟು ಸ್ಪಷ್ಟವಾಗಿರುವುದು ಕಪ್ಪೆಯ ಜಾತಿಯಲ್ಲಿ ಅಪರೂಪ.

ಅದರ ಬಾಳು ಹೇಗೆಂದರೆ, ಸುಮಾರು ಆರೂವರೆ ಸಾವಿರ ಅಡಿಯಿಂದ ಹನ್ನೊಂದು ಸಾವಿರ ಅಡಿಯವರೆಗಿನ ಎತ್ತರದಲ್ಲಿ, ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಹಿಮದ ಕೆಳಗೆ ನೆಲದೊಳಗೆ ನಿದ್ದೆ. ಮೇ ಅಥವಾ ಜೂನ್ ತಿಂಗಳಲ್ಲಿ, ನಮ್ಮಲ್ಲಿ ಕಾರಹುಣ್ಣಿಮೆಯ ಎತ್ತುಗಳಿಗೆ ಬಣ್ಣ ಬಳಿಯುವ ಸುಮಾರಿಗೆ, ಹಿಮ ಕರಗುತ್ತಿದ್ದಂತೆಯೇ ಗಂಡುಗಳು ಹೊರಬಿದ್ದು ಪಾದ ಮುಳುಗುವಷ್ಟು ನೀರಿನ ಕುಣಿಗಳಿಗೆ ಬಂದು ಸೇರುತ್ತವೆ. ಹೆಣ್ಣು ಎರಡು ಮೂರು ದಿನವಿದ್ದು ಸಾವಿರದಿಂದ ಎರಡು ಸಾವಿರದವರೆಗೆ ತತ್ತಿಯಿಟ್ಟು ಹೊರಟುಹೋಗುತ್ತದೆ. ಕಪ್ಪಗಿನ ಗೊದಮೊಟ್ಟೆಗಳು ಬಿಸಿಲು ಬಿದ್ದ ತೆಳುನೀರಿನಲ್ಲಿ ಗುಂಪುಗೂಡಿ ಬೆಳೆಯಬೇಕು. ತತ್ತಿಯಿಟ್ಟ 40-50 ದಿನಗಳೊಳಗೆ ಕಾಲು ಮೂಡಿ ನೆಲಕ್ಕೆ ಬರಬೇಕು. ಅಷ್ಟರಲ್ಲಿ ಕುಣಿ ಬತ್ತಿದರೆ ಆ ವರ್ಷದ ಪೀಳಿಗೆಯೆಲ್ಲ ಅಲ್ಲಿಯೇ ಒಣಗಿ ಹೋಯಿತು. ಮುಂಗಾರು ಹದವಾಗಿ ಬಿದ್ದು, ಪೈರು ಮೊಳಕಾಲುದ್ದ ಬಂದಾಗ ಮಳೆ ಕೈಕೊಟ್ಟರೆ ನಮಗೆ ಏನಾಗುತ್ತದೋ ಅದೇ.

ಮತ್ತೆ ಹೆಣ್ಣು ತತ್ತಿಯಿಡುವ ವಯಸ್ಸಿಗೆ ಬರಲು ನಾಲ್ಕರಿಂದ ಆರು ವರ್ಷ ಬೇಕು. ಬಂದ ಮೇಲೂ ಪ್ರತಿ ವರ್ಷ ಇಡುವುದಿಲ್ಲ. ಹದಿನೈದು ವರ್ಷ ಬದುಕಿದ ಹೆಣ್ಣು, ಹನ್ನೆರಡು ವರ್ಷ ಬದುಕಿದ ಗಂಡು ಲೆಕ್ಕಕ್ಕೆ ಸಿಕ್ಕಿವೆ. ಅಂಗೈಯಲ್ಲಿ ಕೂಡುವ ಕಪ್ಪೆಯ ಆಯುಸ್ಸು ನಮ್ಮ ಉಳುವ ಎತ್ತಿನ ಆಯುಸ್ಸಿಗೆ ಸಮ ಎಂದರೆ ಆಶ್ಚರ್ಯವಲ್ಲವೆ? ಈ ಆಯುಸ್ಸಿನ ಲೆಕ್ಕ ಸಿಕ್ಕಿದ್ದು ಹೇಗೆ? ಮುಖ ನೋಡಿ ವಯಸ್ಸು ಹೇಳುವಂತಿಲ್ಲ. ಗುರುತು ಹಾಕಿ ಬಿಟ್ಟ ಅದೇ ಕಪ್ಪೆಯನ್ನು ವರ್ಷಗಳ ಮೇಲೆ ಮತ್ತೆ ಹಿಡಿದದ್ದರಿಂದ.

ಯೊಸೆಮಿಟಿಯ ಪೂರ್ವದ ಬಾಗಿಲೆನಿಸಿದ ಟಯೋಗಾ ಕಣಿವೆಮಾರ್ಗ ಹತ್ತು ಸಾವಿರ ಅಡಿಗೆ ತುಸು ಕಡಿಮೆ ಎತ್ತರದಲ್ಲಿದೆ. ಅಲ್ಲಿಯ ಹುಲ್ಲುಗಾವಲಿನಲ್ಲಿ 1970ರ ದಶಕದ ಆರಂಭದಿಂದ ಸಿಂಥಿಯಾ ಕಾಗರೀಸ್ ಶರ್ಮನ್ ಎಂಬ ವಿದುಷಿಯೂ ಮಾರ್ಟಿನ್ ಮಾರ್ಟನ್ ಎಂಬ ಪ್ರಾಧ್ಯಾಪಕರೂ ಈ ಕಪ್ಪೆಗಳ ಅಭ್ಯಾಸಕ್ಕೆ ತೊಡಗಿದರು. ಕಪ್ಪೆ ಹೇಗೆ ಕೂಡುತ್ತದೆ, ಹೇಗೆ ಬಾಳುತ್ತದೆ ಎಂದು ತಿಳಿಯುವುದಷ್ಟೆ ಅವರ ಉದ್ದೇಶ. ಅದು ಕಡಿಮೆಯಾಗುತ್ತಿದೆಯೆಂಬ ಸಂಶಯ ಆಗ ಯಾರಿಗೂ ಇರಲಿಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ ಕುಣಿಗಳಿಗೆ ಬಂದ ಗಂಡುಗಳ ಸರಾಸರಿ 258 ಇತ್ತು. 1982ರ ಹೊತ್ತಿಗೆ ಅದು 28ಕ್ಕೆ ಇಳಿಯಿತು. 1991ರಲ್ಲಿ ಹೋಗಿ ಹುಡುಕಿದಾಗ ಸಿಕ್ಕಿದ್ದು ಒಂದೇ ಗಂಡು, ಎರಡೇ ತತ್ತಿಯ ಗುಂಪು. ಈ ವರದಿಯನ್ನು ಅವರು 1993ರಲ್ಲಿ ಪ್ರಕಟಿಸಿದರು.

ಇಲ್ಲಿ ಒಂದು ಮಾತು ಗಮನಿಸಬೇಕು. ಆ ಇಬ್ಬರು ಎಪ್ಪತ್ತರ ದಶಕದಲ್ಲಿ ಬರೆದಿಟ್ಟ ಅಂಕಿಗಳು ಇಲ್ಲದೆ ಹೋಗಿದ್ದರೆ 1991ರ ಆ ಒಂದು ಗಂಡನ್ನು ಕಂಡವರು, ಇಲ್ಲಿ ಕಪ್ಪೆ ಇದೆ ಎಂದಷ್ಟೆ ಬರೆದು ಮುಂದೆ ಹೋಗುತ್ತಿದ್ದರು. ನಮ್ಮ ಕೆರೆಯಲ್ಲಿ ಮೊದಲು ನೀರು ಎಷ್ಟು ನಿಲ್ಲುತ್ತಿತ್ತು ಎಂದು ಕೇಳಿದರೆ ಹಿರಿಯರು ಬಹಳ ನಿಲ್ಲುತ್ತಿತ್ತು ಎನ್ನುತ್ತಾರೆ. ಬಹಳ ಎಂದರೆ ಎಷ್ಟು ಮೆಟ್ಟಿಲು, ಯಾವ ತಿಂಗಳವರೆಗೆ? ಬರೆದಿಟ್ಟವರಿಲ್ಲ.

ಕಪ್ಪೆ ಕಡಿಮೆಯಾಯಿತೆಂದ ಕೂಡಲೆ ಕಳ್ಳನನ್ನು ಹುಡುಕುವ ಕೆಲಸ ಮೊದಲಾಯಿತು. ಬರಗಾಲವೆಂದರು ಕೆಲವರು, ಕೆಳಗಿನ ಬಯಲಿನ ತೋಟಗಳಿಗೆ ಸಿಂಪಡಿಸಿದ ಔಷಧ ಗಾಳಿಯಲ್ಲಿ ತೇಲಿ ಬಂತೆಂದರು ಕೆಲವರು, ರೋಗವೆಂದರು ಮತ್ತೆ ಕೆಲವರು. ಆದರೆ ಎಲ್ಲರ ಕಣ್ಣಿಗೆ ಬೀಳುವ ಅಪರಾಧಿ ಯಾರು? ದನ. ದನ ಜೌಗಿಗೆ ಇಳಿದರೆ ಗೊರಸಿನ ಗುಳಿ ಬೀಳುತ್ತದೆ. ಗೊದಮೊಟ್ಟೆ ಆ ಗುಳಿಯಲ್ಲಿ ಸಿಕ್ಕಿ, ನೀರು ಇಂಗಿದಾಗ ಸಾಯುತ್ತದೆ. ಚಿಕ್ಕ ಕಪ್ಪೆ ಕಾಲಿನ ಕೆಳಗೆ ತುಳಿದು ಹೋಗುತ್ತದೆ. ಇದೆಲ್ಲ ಕಂಡ ಮಾತೇ, ಸುಳ್ಳಲ್ಲ. ಹಳೆಯ ಪಾಪವೂ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಬೆಟ್ಟಗಳಿಗೆ ಲೆಕ್ಕವಿಲ್ಲದಷ್ಟು ಕುರಿಗಳನ್ನು ಬಿಟ್ಟಿದ್ದರು. ಹುಲ್ಲು ಬೇರುಸಹಿತ ಹೋಗಿ, ಮಣ್ಣು ಕೊಚ್ಚಿ, ಹುಲ್ಲುಗಾವಲಿನ ನಡುವೆ ಕೊರಕಲು ಬಿದ್ದು, ಜೌಗಿನ ನೀರೆಲ್ಲ ಹರಿದುಹೋದ ಜಾಗಗಳು ಇಂದಿಗೂ ಇವೆ. ಆ ಬೆಟ್ಟಗಳ ರಕ್ಷಣೆಗಾಗಿ ಮುಂದೆ ಹೋರಾಡಿದ ಜಾನ್ ಮ್ಯೂರ್ ಎಂಬವನು 1869ರಲ್ಲಿ ಅಲ್ಲಿಗೆ ಮೊದಲು ದೀರ್ಘಕಾಲ ತಂಗಲು ಹೋದದ್ದು ಕುರಿಯ ಹಿಂಡಿನ ಜೊತೆಗೇ ಎಂಬುದು ಒಂದು ತಮಾಷೆ.

ಆದರೆ ಕಂಡ ಮಾತು ಬೇರೆ, ಕಾರಣ ಬೇರೆ. ಒಂದು ಗುಳಿಯಲ್ಲಿ ಹತ್ತು ಗೊದಮೊಟ್ಟೆ ಸತ್ತದ್ದು ನಿಜವಾದರೂ, ಹುಲ್ಲುಗಾವಲಿನ ಕಪ್ಪೆಗಳೆಲ್ಲ ಕಡಿಮೆಯಾದದ್ದು ಅದರಿಂದಲೇ ಎಂದು ಹೇಗೆ ಹೇಳುವುದು? ದನ ಬಿಡದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಒಳಗೂ ಹಲವು ಕಡೆ ಕಪ್ಪೆ ಕಾಣದಾಗಿತ್ತಲ್ಲ! ದನಗಾರರ ವಾದ ಇದು. ಈ ವ್ಯಾಜ್ಯ ಮಾತಿನಿಂದ ತೀರುವಂಥದಲ್ಲ. ಕಪ್ಪೆಗಳನ್ನು ಎಣಿಸಲೇಬೇಕು, ಅವು ಎಲ್ಲಿ ಹೋಗುತ್ತವೆ, ಎಲ್ಲಿ ಇರುತ್ತವೆ ಎಂದು ನೋಡಲೇಬೇಕು.

ಎಣಿಸುವುದಕ್ಕೆ ಮೊದಲು ಗುರುತು ಬೇಕು. ಕುರಿಯ ಕಿವಿಯನ್ನು ಹರಿದು ಗುರುತು ಮಾಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಉಂಟು. ಈಗ ದನಗಳ ಕಿವಿಗೆ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಬಂದಿದೆ. ಕಪ್ಪೆಗೆ ಹೊರಗೆ ಚಾಚಿದ ಕಿವಿಯಿಲ್ಲ, ಕೊಂಬಿಲ್ಲ, ಕುತ್ತಿಗೆಯೂ ಇಲ್ಲ. ಹಿಂದಿನವರು ಮಾಡುತ್ತಿದ್ದುದು ಬೆರಳಿನ ತುದಿ ಕತ್ತರಿಸುವ ಉಪಾಯ. ಎಡಗಾಲಿನ ಎರಡನೆಯ ಬೆರಳು, ಬಲಗಾಲಿನ ನಾಲ್ಕನೆಯದು ಹೀಗೆ ಒಂದೊಂದು ಜೋಡಣೆಗೆ ಒಂದೊಂದು ನಂಬರು. ಟಯೋಗಾದ ಹಳೆಯ ಲೆಕ್ಕವೂ ಹೀಗೆಯೇ ನಡೆದದ್ದು. ಇದರಿಂದ ಪ್ರಾಣಿಗೆ ನೋವು, ಕೆಲವು ಜಾತಿಗಳಲ್ಲಿ ಆಯುಸ್ಸಿಗೂ ಕುಂದು ಎಂದು ಆಮೇಲೆ ಶಾಸ್ತ್ರಜ್ಞರಲ್ಲಿಯೇ ವಾದವೆದ್ದಿತು. ಎದ್ದದ್ದು ಒಳ್ಳೆಯದಾಯಿತು. ಲೆಕ್ಕ ಮಾಡುವ ಕೈಯೇ ಲೆಕ್ಕವನ್ನು ಕೆಡಿಸಬಾರದು.

ಈಗ ಬಳಸುವುದು ಪಿಟ್ ಟ್ಯಾಗ್ ಎಂಬ ಚಿಕ್ಕ ಗಾಜಿನ ಕೊಳವೆ. ಉದ್ದ ಅರ್ಧ ಅಂಗುಲದ ಒಳಗೆ, ದಪ್ಪದಲ್ಲಿ ಅಕ್ಕಿಯ ಕಾಳಿನಷ್ಟು. ಅದರೊಳಗೆ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ, ನಂಬರು ಬರೆದಿಟ್ಟ ಒಂದು ಚೂರು. ಕಪ್ಪೆಯ ಬೆನ್ನಿನ ಚರ್ಮದ ಕೆಳಗೆ ಅದನ್ನು ಸೇರಿಸುತ್ತಾರೆ. ಅದರಲ್ಲಿ ಬ್ಯಾಟರಿಯಿಲ್ಲ, ಆದುದರಿಂದ ಮುಗಿಯುವ ಭಯವಿಲ್ಲ. ಕೈಯಲ್ಲಿ ಹಿಡಿಯುವ ಓದುವ ಯಂತ್ರವನ್ನು ಗೇಣು ದೂರಕ್ಕೆ ತಂದಾಗ ಆ ಯಂತ್ರದ ರೇಡಿಯೋ ಅಲೆಯೇ ಸುರುಳಿಯಲ್ಲಿ ಒಂದು ಕ್ಷಣ ವಿದ್ಯುತ್ತನ್ನು ಹುಟ್ಟಿಸುತ್ತದೆ. ಚೂರು ಎಚ್ಚತ್ತು ತನ್ನ ನಂಬರನ್ನು ಹೇಳಿ ಮತ್ತೆ ಮಲಗುತ್ತದೆ. ಜಗತ್ತಿನಲ್ಲಿ ಇನ್ನಾವ ಕಪ್ಪೆಗೂ ಆ ನಂಬರಿಲ್ಲ. ಹತ್ತು ವರ್ಷ ಬಿಟ್ಟು ಹೋದರೂ ಕಪ್ಪೆ ಬದುಕಿದ್ದರೆ ನಂಬರು ಅದೇ.

ಕೆಲಸ ನಡೆಯುವ ರೀತಿ ನೋಡಬೇಕು. ಹಿಮ ಇನ್ನೂ ತೇಪೆ ತೇಪೆಯಾಗಿ ಬಿದ್ದಿರುವಾಗಲೇ ಬೆನ್ನಿಗೆ ಗಂಟು ಕಟ್ಟಿಕೊಂಡು ಹತ್ತುತ್ತಾರೆ. ಸಾಲಾಗಿ ನಿಂತು, ಕಾಲಿನ ಕೆಳಗೆ ಏನಿದೆಯೆಂದು ನೋಡಿ ನೋಡಿ ಹೆಜ್ಜೆಯಿಡುತ್ತ, ಕುಣಿಗಳ ಅಂಚನ್ನೆಲ್ಲ ಹುಡುಕುತ್ತಾರೆ. ಕಪ್ಪೆ ಸಿಕ್ಕರೆ ಮೊದಲು ಕೈಗವಸು. ಒಂದು ಕಪ್ಪೆಯನ್ನು ಮುಟ್ಟಿದ ಕೈಗವಸಿನಿಂದ ಇನ್ನೊಂದನ್ನು ಮುಟ್ಟುವಂತಿಲ್ಲ, ಹೊಸದು ಹಾಕಬೇಕು. ಒಂದರ ರೋಗ ಇನ್ನೊಂದಕ್ಕೆ ಹತ್ತಬಾರದೆಂದು ಈ ಮಡಿ. ಹತ್ತಿ ಸುತ್ತಿದ ಕಡ್ಡಿಯಿಂದ ಹೊಟ್ಟೆ, ತೊಡೆ, ಪಾದಗಳನ್ನು ಒರೆಸಿ ಆ ಕಡ್ಡಿಯನ್ನು ರೋಗ ಪರೀಕ್ಷೆಗೆ ತೆಗೆದಿಡುತ್ತಾರೆ. ಮೂತಿಯಿಂದ ಬಾಲದೆಲುಬಿನ ತುದಿಯವರೆಗೆ ಅಳತೆ. ಆಮೇಲೆ ಚಿಕ್ಕ ಚೀಲದೊಳಗೆ ಬಿಟ್ಟು, ಚೀಲವನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ತೂಕ. ಬಳಿಕ ಬರಿಯ ಚೀಲದ ತೂಕ ಕಳೆಯುತ್ತಾರೆ. ನಮ್ಮ ಗಾದೆ ಮಾಡಿದವನಿಗೆ ಚೀಲದ ಉಪಾಯ ಹೊಳೆಯಲಿಲ್ಲವೆಂದು ಕಾಣುತ್ತದೆ. ಹಿಡಿದ ಜಾಗದಲ್ಲಿಯೇ ಬಿಡುತ್ತಾರೆ. ಸಂಜೆ ಬೂಟುಗಳನ್ನು ತಿಕ್ಕಿ ತೊಳೆದು ಔಷಧ ನೀರಿನಲ್ಲಿ ಅದ್ದಿಯೇ ಮುಂದಿನ ಹುಲ್ಲುಗಾವಲಿಗೆ ಕಾಲಿಡುವುದು.

ಹಿಡಿದವನ್ನು ಎಣಿಸಿದರೆ ಹಿಡಿದಷ್ಟೇ ಸಿಗುತ್ತದೆ; ಹಿಡಿಯದೆ ಉಳಿದವು ಎಷ್ಟು? ಇದಕ್ಕೊಂದು ಚೆಲುವಾದ ಲೆಕ್ಕವಿದೆ. ನಮ್ಮ ಶಾಲೆಯ ಮಕ್ಕಳಿಗೆ ನಾನಿದನ್ನು ಕಡಲೆಕಾಳಿನಲ್ಲಿ ಮಾಡಿಸುತ್ತೇನೆ. ಒಂದು ಡಬ್ಬಿಯಲ್ಲಿ ಕಡಲೆ ತುಂಬಿಡಿ. ಎಷ್ಟಿದೆಯೆಂದು ಯಾರಿಗೂ ಗೊತ್ತಿರಬಾರದು. ಅದರಿಂದ 50 ಕಾಳು ತೆಗೆದು ಮಸಿಯಿಂದ ಚುಕ್ಕೆಯಿಟ್ಟು ಮತ್ತೆ ಹಾಕಿ ಚೆನ್ನಾಗಿ ಕಲಸಿ. ಈಗ ಕಣ್ಣು ಮುಚ್ಚಿ 40 ಕಾಳು ತೆಗೆಯಿರಿ. ಅದರಲ್ಲಿ 10 ಕಾಳಿಗೆ ಚುಕ್ಕೆ ಇದೆಯೆನ್ನೋಣ. ಅಂದರೆ ನಾಲ್ಕರಲ್ಲಿ ಒಂದು. ಹಾಗಾದರೆ ಡಬ್ಬಿಯಲ್ಲಿಯೂ ನಾಲ್ಕರಲ್ಲಿ ಒಂದಕ್ಕೆ ಚುಕ್ಕೆ ಇರಬೇಕು; ಚುಕ್ಕೆಯವು 50, ಆದುದರಿಂದ ಒಟ್ಟು ಸುಮಾರು 200. ಡಬ್ಬಿಯನ್ನು ಸುರುವಿ ಎಣಿಸಿ ನೋಡಿದರೆ ಬಹುತೇಕ ಹತ್ತಿರ ಬರುತ್ತದೆ, ಮಕ್ಕಳು ಕುಣಿದಾಡುತ್ತಾರೆ. ಡೆನ್ಮಾರ್ಕಿನ ಪೀಟರ್ಸನ್ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೀನುಗಳಿಗೆ ಗುರುತು ಕಟ್ಟಿ ಈ ದಾರಿ ಹಾಕಿಕೊಟ್ಟರು. 1930ರಲ್ಲಿ ಅಮೇರಿಕೆಯ ಲಿಂಕನ್ ಎಂಬವರು ಕಾಡುಬಾತುಗಳಿಗೆ ಅದನ್ನು ಹಚ್ಚಿದರು. ಅವರಿಬ್ಬರ ಹೆಸರಿನಲ್ಲಿಯೇ ಈ ಲೆಕ್ಕ ನಡೆದುಬಂದಿದೆ.

ಆದರೆ ಕಪ್ಪೆ ಕಡಲೆಯಲ್ಲ. ಕಡಲೆ ಡಬ್ಬಿ ಬಿಟ್ಟು ಹೋಗುವುದಿಲ್ಲ, ಸಾಯುವುದಿಲ್ಲ, ಮರಿ ಹಾಕುವುದಿಲ್ಲ. ಹೆಣ್ಣುಕಪ್ಪೆಯಂತೂ ಒಂದು ವರ್ಷ ಕುಣಿಗೆ ಬಂದರೆ ಮುಂದಿನ ವರ್ಷ ಬರಲಿಕ್ಕಿಲ್ಲ. ಹಾಗೆಂದು ಅದು ಸತ್ತಿತೆನ್ನಲಾದೀತೆ? ಸುಗ್ಗಿಯ ಕಾಲಕ್ಕೆ ಒಂದು ತಿಂಗಳು ಗೈರುಹಾಜರಾದ ಹುಡುಗನ ಹೆಸರನ್ನು ಯಾವ ಮಾಸ್ತರನೂ ಹಾಜರಿಯಿಂದ ಹೊಡೆದುಹಾಕುವುದಿಲ್ಲ. ಜೋಳ ಮನೆಗೆ ಬಂದ ಮೇಲೆ ಅವನು ಬರುತ್ತಾನೆ. ಅದಕ್ಕಾಗಿಯೇ ಒಂದೆರಡು ವರ್ಷದ ಲೆಕ್ಕ ಈ ಕಪ್ಪೆಗೆ ಸಾಲದು. ಐದಾರು, ಹತ್ತು ವರ್ಷ ಒಂದೇ ಹುಲ್ಲುಗಾವಲಿಗೆ ಹೋಗಿ ಹಾಜರಿ ತೆಗೆಯಬೇಕು. ಯಾವ ನಂಬರು ಬಂತು, ಯಾವುದು ತಪ್ಪಿತು, ತಪ್ಪಿದ್ದು ಮತ್ತೆ ಯಾವಾಗ ಬಂತು ಎಂದು ಬರೆಯಬೇಕು.

ತತ್ತಿಯಿಟ್ಟ ಮೇಲೆ ಕಪ್ಪೆ ಎಲ್ಲಿಗೆ ಹೋಗುತ್ತದೆ? ಪಿಟ್ ಟ್ಯಾಗಿನ ದನಿ ಗೇಣು ದೂರಕ್ಕೆ ಮಾತ್ರ. ಕಾಣದ ಕಪ್ಪೆಯನ್ನು ಅದು ಹುಡುಕಿಕೊಡದು. ಅದಕ್ಕೆ ನಡುವಿಗೆ ಪಟ್ಟಿ ಕಟ್ಟಿ, ಪಟ್ಟಿಗೆ ಅತಿ ಚಿಕ್ಕ ರೇಡಿಯೋ ಯಂತ್ರ ಸಿಕ್ಕಿಸುತ್ತಾರೆ. ಕಪ್ಪೆಯ ತೂಕದ ಹತ್ತರಲ್ಲಿ ಒಂದು ಪಾಲಿಗಿಂತ ಅದು ಭಾರವಿರಬಾರದೆಂದು ಸಾಮಾನ್ಯ ನಿಯಮ. ಮೇಲಿನ ತೂಕದ ಶಾಸ್ತ್ರವೆಲ್ಲ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪಟ್ಟಿ ಬಿಗಿಯಾದರೆ ಚರ್ಮ ಸುಲಿದು ಹುಣ್ಣಾಗುತ್ತದೆ, ಸಡಿಲವಾದರೆ ಕಳಚಿ ಬೀಳುತ್ತದೆ. ಹೊಸ ಎತ್ತಿಗೆ ನೊಗ ಹೂಡಿದವರಿಗೆ ಈ ಕಷ್ಟ ತಿಳಿದದ್ದೇ. ಆದ್ದರಿಂದ ಮತ್ತೆ ಮತ್ತೆ ಹಿಡಿದು ನೋಡಬೇಕು. ಸಂಶೋಧಕರು ಕೈಯಲ್ಲಿ ಕವಲು ಕವಲಾದ ಏರಿಯಲ್ ಹಿಡಿದು ಗುಡ್ಡ ಸುತ್ತುತ್ತಾರೆ. ಕಪ್ಪೆಯ ಕಡೆ ತಿರುಗಿದಂತೆ ಟಿಕ್ ಟಿಕ್ ದನಿ ಜೋರಾಗುತ್ತದೆ.

ಹೀಗೆ ಬೆನ್ನು ಹತ್ತಿದಾಗ ತಿಳಿದ ಸಂಗತಿ ಎಲ್ಲರ ಎಣಿಕೆಯನ್ನೂ ಮೀರಿತು. ಕಪ್ಪೆಯೆಂದರೆ ಕುಣಿಯ ಪ್ರಾಣಿ, ಕುಣಿಯ ಸುತ್ತ ನಾಲ್ಕು ಮಾರು ಕಾಯ್ದರೆ ಸಾಕೆಂದು ತಿಳಿದವರೇ ಹೆಚ್ಚು. ಸಿಯೆರಾ ರಾಷ್ಟ್ರೀಯ ಅರಣ್ಯದಲ್ಲಿ ರೇಡಿಯೋ ಕಟ್ಟಿ ಬಿಟ್ಟ ನೆಲಗಪ್ಪೆಗಳು ತತ್ತಿಯ ಕೆಲಸ ಮುಗಿದ ಮೇಲೆ ಜೌಗು ಬಿಟ್ಟು, ಹುಲ್ಲುಗಾವಲನ್ನೂ ಬಿಟ್ಟು, ಸುತ್ತಲಿನ ಗುಡ್ಡದ ಓರೆಗೆ ಏರಿದವು. ಸರಾಸರಿ 275 ಮೀಟರು ದೂರ. ಎಲ್ಲಕ್ಕಿಂತ ದೂರ ಹೋದದ್ದು 1.26 ಕಿಲೋಮೀಟರು, ಅಂದರೆ ಮುಕ್ಕಾಲು ಮೈಲಿಗೂ ಮಿಕ್ಕಿ. ಎರಡಂಗುಲದ ಪ್ರಾಣಿ, ಅದೂ ತೆವಳುವ ಚಾಳಿಯದು! ಅಲ್ಲಿ ಅವು ಬಿದ್ದ ಮರದ ಬೊಡ್ಡೆಯ ಕೆಳಗೆ, ಬಂಡೆಯ ಸಂದಿಯಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ಇಲಿ ಹೆಗ್ಗಣಗಳ ಜಾತಿಯ ಪ್ರಾಣಿಗಳು ತೋಡಿಬಿಟ್ಟ ಬಿಲಗಳಲ್ಲಿ ಇದ್ದವು. ತಾನು ತೋಡಲಾರದ ಕಪ್ಪೆಗೆ ನೆಲ ಅಳಿಲಿನ ಬಿಲವೇ ಮನೆ. ಚಳಿಗಾಲದಲ್ಲಿ ಹಿಮದ ಕೆಳಗೆ ಹೆಪ್ಪುಗಟ್ಟದೆ ಉಳಿಯುವುದೂ ಅಂಥ ಬಿಲದಲ್ಲಿಯೇ. ಕುಣಿಗೆ ಬೇಲಿ ಹಾಕಿ ಕಪ್ಪೆಯನ್ನು ಕಾಯ್ದೆವೆಂದು ತಿಳಿದವರು ಬಾಣಂತಿಯ ಕೋಣೆಯನ್ನು ಮಾತ್ರ ಕಾಯ್ದಿದ್ದರು. ಮನೆ ಗುಡ್ಡದ ಮೇಲಿತ್ತು.

ಇನ್ನು ದನದ ವ್ಯಾಜ್ಯ. ಅದರ ಪರೀಕ್ಷೆಯೂ ನಡೆಯಿತು. ಅರಣ್ಯ ಖಾತೆಯವರೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರೂ ಕೂಡಿ 2006ರಿಂದ 2010ರವರೆಗೆ ಐದು ಬೇಸಿಗೆ ದುಡಿದರು. ಕೆಲವು ಹುಲ್ಲುಗಾವಲುಗಳಿಗೆ ಸುತ್ತಲೂ ತಂತಿಬೇಲಿ ಹಾಕಿ ದನವನ್ನು ಪೂರ್ತಿ ತಡೆದರು. ಕೆಲವುಗಳಲ್ಲಿ ತತ್ತಿಯಿಡುವ ಕುಣಿಗಳಿಗಷ್ಟೆ ಬೇಲಿ. ಮತ್ತೆ ಕೆಲವನ್ನು ಎಂದಿನಂತೆ ದನಕ್ಕೆ ತೆರೆದೇ ಇಟ್ಟರು. ಪ್ರತಿ ವರ್ಷ ಮೂರು ಬಗೆಯಲ್ಲಿಯೂ ಗೊದಮೊಟ್ಟೆ, ಮರಿಕಪ್ಪೆಗಳನ್ನು ಎಣಿಸಿದರು. ಹುಲ್ಲು, ನೀರು ಎಲ್ಲವನ್ನೂ ಅಳೆದರು. ಫಲವೇನೆಂದರೆ, ಬೇಲಿ ಇದ್ದ ಕಡೆಗೂ ಇಲ್ಲದ ಕಡೆಗೂ ಕಪ್ಪೆಯ ಲೆಕ್ಕದಲ್ಲಿ ಎದ್ದುಕಾಣುವ ಅಂತರವಿರಲಿಲ್ಲ. ಕಪ್ಪೆ ಇರುವುದು ಇಲ್ಲದಿರುವುದು ಹುಲ್ಲುಗಾವಲಿನ ಹಸಿಯನ್ನು ಅವಲಂಬಿಸಿತ್ತು. ದನಗಳು ಮೇವು ಚೆನ್ನಾಗಿರುವ ಆರಿದ ಭಾಗವನ್ನೇ ಮೆಚ್ಚಿದವು; ಕಪ್ಪೆಗಳು ಜೌಗನ್ನು ಮೆಚ್ಚಿದವು. ಒಂದೇ ಗಾವಲಿನಲ್ಲಿ ಎರಡರ ಪಾಲೂ ಬೇರೆ ಬೇರೆಯಾಗಿತ್ತು.

ಇದನ್ನು ಓದಿ ದನಗಾರರು ಗೆದ್ದರೆಂದು ಚಪ್ಪಾಳೆ ತಟ್ಟುವುದು ಬೇಡ. ಆ ದನಗಳ ಸಂಖ್ಯೆಗೆ ಮಿತಿಯಿತ್ತು, ಎಷ್ಟು ಹುಲ್ಲು ಉಳಿಸಬೇಕೆಂಬ ನಿಯಮವಿತ್ತು. ಹಿಂದಿನ ಕುರಿಗಳ ಕಾಲದಂತೆ ಬೇಕಾಬಿಟ್ಟಿ ಬಿಟ್ಟರೆ ಏನಾಗುತ್ತದೆಂದು ಆ ಪರೀಕ್ಷೆ ಹೇಳುವುದಿಲ್ಲ. ಹದಿನೈದು ವರ್ಷ ಬಾಳುವ ಪ್ರಾಣಿಗೆ ಐದು ವರ್ಷದ ಪರೀಕ್ಷೆ ಚಿಕ್ಕದೇ ಆಯಿತು ಎನ್ನುವವರನ್ನೂ ನಾನು ತಪ್ಪೆನ್ನಲಾರೆ. ಆದರೆ ಅಡವಿಯ ಅಂಚಿನಲ್ಲಿ ಬಾಳುವ ನಮಗೆ ಇದರಲ್ಲಿ ಮೆಚ್ಚಬೇಕಾದ ಸಂಗತಿ ಒಂದಿದೆ. ದನವೇ ಕಾರಣವೆಂದು ಮೊದಲೇ ಠರಾವು ಮಾಡಿ ಗಾವಲು ಮುಚ್ಚಲಿಲ್ಲ. ಬೇಲಿ ಹಾಕಿ, ಬೇಲಿ ತೆರೆದು, ಎಣಿಸಿ ನೋಡಿದರು.

ಹಾಗಾದರೆ ಟಯೋಗಾದ ಕಪ್ಪೆಗಳನ್ನು ಕೊಂದದ್ದು ಯಾವುದು? ಆ ಸಾವಿನ ಕಾಲದಲ್ಲಿ ಕಾಗರೀಸ್ ಶರ್ಮನ್ ಸತ್ತ, ಸಾಯುತ್ತಿದ್ದ ಕೆಲವು ಕಪ್ಪೆಗಳನ್ನು ಸೀಸೆಯಲ್ಲಿ ಕಾಪಿಟ್ಟಿದ್ದರು. ಕಪ್ಪೆಯ ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಬೂಷ್ಟಿನ ರೋಗ ಆಗ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಹೆಸರು ಬಂದದ್ದೇ 1999ರಲ್ಲಿ. ಕಪ್ಪೆ ಚರ್ಮದಿಂದಲೇ ನೀರು ಕುಡಿಯುತ್ತದೆ, ಚರ್ಮದಿಂದಲೂ ಉಸಿರಾಡುತ್ತದೆ. ಚರ್ಮ ಕೆಟ್ಟಿತೆಂದರೆ ಜೀವ ಕೆಟ್ಟಿತು. 2001ರಲ್ಲಿ ಆ ಹಳೆಯ ಸೀಸೆಗಳನ್ನು ತೆರೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿದ ವರದಿ ಹೊರಬಂತು. ಕೆಲವುಗಳ ಚರ್ಮದಲ್ಲಿ ಆ ಬೂಷ್ಟು ಇತ್ತು. ಆದರೆ ಅದೊಂದೇ ಅಲ್ಲ, ಬೇರೆ ಬೇರೆ ಸೋಂಕುಗಳೂ ಇದ್ದವು. ಎಲ್ಲ ಸಾವಿಗೂ ಒಂದೇ ಕಾರಣ ಸಿಗಲಿಲ್ಲ. ಸಾಲದ್ದಕ್ಕೆ ಹಿಮವೂ ನೆಚ್ಚಿಕೆಯದಾಗಿ ಉಳಿದಿಲ್ಲ. 2012ರಿಂದ 2016ರವರೆಗಿನ ಬರಗಾಲದ ನಡುವೆ, 2015ರ ಏಪ್ರಿಲ್ ಮೊದಲ ದಿನ ಅಳೆದಾಗ ಸಿಯೆರಾದ ಹಿಮದಲ್ಲಿ ಎಂದಿನ ಸರಾಸರಿಯ ನೂರಕ್ಕೆ ಐದು ಪಾಲು ನೀರು ಮಾತ್ರ ಇತ್ತು. 40-50 ದಿನ ನಿಲ್ಲಬೇಕಾದ ಕುಣಿಗೆ ಅಷ್ಟು ಹಿಮ ಎಲ್ಲಿ ಸಾಕು? ಅದಕ್ಕೆ ಮುಂಚೆಯೇ, 2014ರಲ್ಲಿ, ಅಮೇರಿಕೆಯ ಸರಕಾರ ಈ ನೆಲಗಪ್ಪೆಯನ್ನು ಗಂಡಾಂತರದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತ್ತು.

ಪರದೇಶದ ಕಪ್ಪೆಯ ಕಥೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಹೊಲದ ನೆಲಗಪ್ಪೆ ರೋಹಿಣಿ ಮಳೆ ಬಿದ್ದ ರಾತ್ರಿ ಹೊರಬಿದ್ದು ಗೆದ್ದಲು, ಹುಳ, ಕೀಟಗಳನ್ನು ತಿನ್ನುವುದನ್ನು ಕಂದೀಲಿನ ಬೆಳಕಿನಲ್ಲಿ ನೋಡದ ರೈತನಿಲ್ಲ. ಮಳೆ ಬಾರದಿದ್ದರೆ ಕಪ್ಪೆಗಳಿಗೆ ಮದುವೆ ಮಾಡಿಸುವ ಜನ ನಾವು. ಅದೇ ಕೈಯಿಂದ ಗದ್ದೆಯ ದೊಡ್ಡ ಕಪ್ಪೆಗಳನ್ನು ಹಿಡಿದು, ಕಾಲು ಕತ್ತರಿಸಿ, ಹಡಗು ತುಂಬಿ ಪರದೇಶಕ್ಕೆ ಕಳಿಸಿದವರೂ ನಮ್ಮ ದೇಶದವರೇ; 1987ರಲ್ಲಿ ಸರಕಾರ ಆ ವ್ಯಾಪಾರವನ್ನು ನಿಲ್ಲಿಸಿತು. ನನ್ನ ಹೊಲದ ಬಾವಿಯ ಸುತ್ತ ಎಷ್ಟು ನೆಲಗಪ್ಪೆಗಳಿವೆಯೆಂದು ಯಾರಾದರೂ ಕೇಳಿದರೆ ನಾನೂ ಬಹಳ ಇವೆ ಎಂದೇ ಹೇಳಬೇಕು. ಕಡಲೆಯ ಲೆಕ್ಕ ಕಲಿಸುವ ಮಾಸ್ತರನಿಗೆ ಇದು ನಾಚಿಕೆಯ ಮಾತೇ ಸರಿ.

ಯೊಸೆಮಿಟಿಯ ಕಡೆ 2013ರಲ್ಲಿ ರಿಮ್ ಎಂಬ ಹೆಸರಿನ ಕಾಡ್ಗಿಚ್ಚು ಎದ್ದು ಎರಡೂವರೆ ಲಕ್ಷ ಎಕರೆಗೂ ಮಿಕ್ಕಿ ಸುಟ್ಟಿತು. ಆ ಬೆಂಕಿ ಹಾದುಹೋದ ಕಡೆ ಕಪ್ಪೆಯ ನೆಲೆಗಳೂ ಹಾಳಾದವು. ಸ್ಯಾನ್‌ಫ್ರಾನ್ಸಿಸ್ಕೊ ನಗರದ ಮೃಗಾಲಯದವರು ಬೆಟ್ಟದಿಂದ ತಂದ ಗೊದಮೊಟ್ಟೆಗಳನ್ನು ವರ್ಷಗಟ್ಟಲೆ ಸಾಕಿ, ಬೆಳೆಸಿ, 2024ರ ಬೇಸಿಗೆಯಲ್ಲಿ ನೂರಕ್ಕೂ ಹೆಚ್ಚು ಕಪ್ಪೆಗಳನ್ನು ಹೆಲಿಕಾಪ್ಟರಿನಲ್ಲಿ ಒಯ್ದು ಹುಲ್ಲುಗಾವಲಿಗೆ ಬಿಟ್ಟರು. ಅವುಗಳ ಚರ್ಮದ ಕೆಳಗೆ ನಂಬರಿದೆ. ಕೆಲವುಗಳ ನಡುವಿಗೆ ರೇಡಿಯೋ ಪಟ್ಟಿಯನ್ನೂ ಕಟ್ಟಿದ್ದರು. ಹುಟ್ಟಿದಂದಿನಿಂದ ಹಿಮವನ್ನೇ ಕಾಣದೆ ಬೆಳೆದ ಆ ಕಪ್ಪೆಗಳು ಚಳಿಗಾಲಕ್ಕೆ ಬಿಲವನ್ನು ಹುಡುಕಿಕೊಳ್ಳಬೇಕು, ಹಿಮದ ಕೆಳಗೆ ಆರೇಳು ತಿಂಗಳು ಕಳೆಯಬೇಕು, ಕರಗಿದಾಗ ಕುಣಿಗೆ ಬರಬೇಕು. ಯಾವ ನಂಬರು ಬಂತು, ಯಾವುದು ತಪ್ಪಿತು ಎಂಬುದು ಓದುವ ಯಂತ್ರ ಹಿಡಿದು ಕುಣಿಯ ಅಂಚಿಗೆ ಹೋದವರಿಗೆ ಒಂದೊಂದು ಬೇಸಿಗೆಗೆ ಇಷ್ಟಿಷ್ಟಾಗಿ ತಿಳಿಯುತ್ತದೆ.